ಹರಿಹರದ ಕಲ್ಲೂ ಕೊಸುಮೆಲ್ ದ್ವೀಪವೂ

ನಮ್ಮ ತಮ್ಮನ ಮಗನು ಅಮೆರಿಕಾ ದೇಶದಲ್ಲಿ ಉದ್ಯೋಗದಲ್ಲಿರತಕ್ಕವನು. ಕಳೆದ ತಿಂಗಳು ರಜೆಯ ಮೇಲೆ ದಾವಣಗೆರೆಗೆ ಬಂದು ಹತ್ತು ಹನ್ನೆರಡು ದಿವಸ ನಮ್ಮ ಮನೆಯಲ್ಲಿ ತಂಗಿದ್ದನು. ಪರದೇಶದಿಂದ ಮಗನೊಬ್ಬ ಬಂದರೆ ಸಂಜೆಯ ಹೊತ್ತು ಮನೆಯಲ್ಲಿ ಮಾತುಕಥೆಗೇನೂ ಕೊರತೆಯಿರುವುದಿಲ್ಲವೆಂಬುದು ವಾಚಕರಿಗೆ ತಿಳಿದ ವಿಷಯವೇ. ಒಂದು ಸಂಜೆ ಅವನು, ಹಿಂದಿನ ವರ್ಷ ತಾನು ಹೆಂಡತಿಯೊಡನೆ ಹೋಗಿಬಂದ ಒಂದು ದ್ವೀಪದ ಚಿತ್ರಗಳನ್ನು ಮೊಬೈಲಿನಲ್ಲಿ ನಮಗೆ ತೋರಿಸುತ್ತ ಕುಳಿತನು. ಆ ಸಂಜೆಯ ಮಾತು ನಮ್ಮನ್ನು ಎಲ್ಲಿಗೆ ಕರೆದೊಯ್ದಿತು, ಅಲ್ಲಿ ನಮಗೆ ಯಾವ ಪಾಠವಾಯಿತು ಎಂಬುದನ್ನು ಈ ತಿಂಗಳ ಪುಟದಲ್ಲಿ ನಿವೇದಿಸುವೆವು.

ಆ ದ್ವೀಪದ ಹೆಸರು ಕೊಸುಮೆಲ್. ಮೆಕ್ಸಿಕೋ ದೇಶದ ಪೂರ್ವದಿಕ್ಕಿನಲ್ಲಿ ಯುಕಾಟಾನ್ ಎಂಬ ಪರ್ಯಾಯದ್ವೀಪವುಂಟಷ್ಟೆ. ಅದರ ಕರೆಯಿಂದ ಸಮುದ್ರದಲ್ಲಿ ಹದಿನೆಂಟು ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ಇದು ಇರುವುದು. ಆ ಸೀಮೆಯ ಪುರಾತನ ನಿವಾಸಿಗಳು ಮಾಯಾ ಜನರು. ದ್ವೀಪದ ಒಳನಾಡಿನ ಕಾಡಿನಲ್ಲಿ ಸಾನ್ ಹೆರ್ವಾಸಿಯೋ ಎಂದು ಈಗ ಕರೆಯಲ್ಪಡುವ ಸ್ಥಳದಲ್ಲಿ ಅವರು ಕಟ್ಟಿದ್ದ ಗುಡಿಗಳೂ ಜಗಲಿಗಳೂ ಕಲ್ಲುದಾರಿಗಳೂ ಪಾಳುಬಿದ್ದಿವೆ. ಅಲ್ಲಿ ಇಷ್ಚೆಲ್ ಎಂಬ ದೇವಿಯ ಆರಾಧನೆ ನಡೆಯುತ್ತಿತ್ತಂತೆ. ಹೆರಿಗೆ, ಔಷಧ, ನೆಯ್ಗೆ ಇವು ಮೂರೂ ಆ ದೇವಿಯ ಆಳ್ವಿಕೆಗೆ ಸೇರಿದವು. ಆಕೆಯನ್ನು ಕೆಲವೆಡೆ ವೃದ್ಧೆಯ ರೂಪದಲ್ಲಿಯೇ ಚಿತ್ರಿಸಿದ್ದಾರೆ. ಎದುರುದಡದ ನಾಡಿನ ಹೆಂಗಸರು ದೋಣಿಗಳಲ್ಲಿ ಸಮುದ್ರವನ್ನು ದಾಟಿ, ಮಕ್ಕಳ ಭಾಗ್ಯವನ್ನು ಬೇಡಲು ಈ ಯಾತ್ರೆಯನ್ನು ಮಾಡುತ್ತಿದ್ದರು. ಒಂದು ಗೋಡೆಯ ಮೇಲೆ ಕೆಂಪುಬಣ್ಣದ ಹಸ್ತಮುದ್ರೆಗಳು ಇಂದಿಗೂ ಕಾಣುತ್ತವೆ. ಆ ಚಿತ್ರವನ್ನು ನೋಡಿದ ಕೂಡಲೆ ನಮ್ಮ ಮನೆಯವರು, "ಗೃಹಪ್ರವೇಶದಲ್ಲಿ ನಾವು ಗೋಡೆಗೆ ಒತ್ತುವ ಕೈಯಚ್ಚಿನ ಹಾಗೆಯೇ ಇದೆಯಲ್ಲ!" ಎಂದರು. ಅವರ ಮಾತು ನಮಗೂ ಸರಿತೋರಿತು.

ಅಷ್ಟರಲ್ಲಿ ಹುಡುಗನು, "ದೊಡ್ಡಪ್ಪಾ, ನೀವು ಸಂಸ್ಕೃತ ಓದಿದವರು. ನಮ್ಮ ಪುರಾಣದ ಮಯಾಸುರನ ಜನರೇ ಈ ಮಾಯಾಗಳು ಎಂದು ಕೆಲವರು ಹೇಳುತ್ತಾರಲ್ಲ, ನಿಜವೇ?" ಎಂದು ಕೇಳಿದನು.

ಈ ಪ್ರಶ್ನೆ ಅನೇಕರ ಬಾಯಲ್ಲಿ ಬರುವುದರಿಂದ ನಮ್ಮ ಉತ್ತರವನ್ನು ಇಲ್ಲಿಯೂ ಬರೆಯುತ್ತೇವೆ. ಮಯನೆಂಬ ದಾನವಶಿಲ್ಪಿಯು ಮಹಾಭಾರತದಲ್ಲಿ ಬರುವನು. ಖಾಂಡವವನವು ಸುಡುವಾಗ ಅರ್ಜುನನಿಂದ ಪ್ರಾಣವುಳಿಸಿಕೊಂಡು, ಆ ಋಣಕ್ಕಾಗಿ ಪಾಂಡವರಿಗೆ ಸಭಾಭವನವನ್ನು ಕಟ್ಟಿಕೊಟ್ಟವನು. ಸೂರ್ಯಸಿದ್ಧಾಂತವೆಂಬ ಜ್ಯೋತಿಷಗ್ರಂಥದಲ್ಲಿಯೂ ಅವನ ಹೆಸರಿದೆ. ಮಾಯಾ ಜನರಾದರೋ ಶಿಲ್ಪದಲ್ಲಿ ನಿಪುಣರು, ಗ್ರಹಗತಿಯ ಗಣಿತವನ್ನು ಬಲ್ಲವರು, ಸೊನ್ನೆಗೆ ತಮ್ಮದೇ ಒಂದು ಗುರುತನ್ನು ಇಟ್ಟುಕೊಂಡಿದ್ದವರು. ಇಷ್ಟು ಹೋಲಿಕೆ ಸಿಕ್ಕಿತೆಂದರೆ ಮನಸ್ಸು ಹಿಗ್ಗುವುದು ಸಹಜ. ಪರಂತು ಎರಡು ಶಬ್ದಗಳ ಧ್ವನಿ ಒಂದಾದ ಮಾತ್ರಕ್ಕೆ ಎರಡು ಕುಲಗಳು ಒಂದಾಗುವುದಿಲ್ಲ. ಅವರ ಭಾಷೆಗೂ ಸಂಸ್ಕೃತಕ್ಕೂ ಯಾವ ನಂಟೂ ಇಲ್ಲ. ಅವರ ಗುಡಿಗಳು ಅವರ ಬುದ್ಧಿಯ ಫಲ. ಅದನ್ನು ನಮ್ಮದೆಂದು ಹೇಳುವುದು ಅವರಿಗೆ ಅನ್ಯಾಯ. ಅನ್ಯರ ಒಡವೆಯನ್ನು ತೊಟ್ಟು ಮೆರೆಯುವುದರಿಂದ ನಮಗೂ ಗೌರವವಿಲ್ಲ.

"ಹಾಗಾದರೆ ಅವರಿಗೂ ನಮಗೂ ಸಂಬಂಧವೇ ಇಲ್ಲವೋ?" ಎಂದು ಅವನು ಕೇಳುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಮಂಡಕ್ಕಿ ಮೆಣಸಿನಕಾಯಿಯ ತಟ್ಟೆಗಳು ಬಂದವು. ನಮಗೆ ನಗು ಬಂದಿತು. "ಇಗೋ, ಸಂಬಂಧವು ತಟ್ಟೆಯಲ್ಲಿಯೇ ಇದೆ" ಎಂದೆವು. ದಾವಣಗೆರೆಯ ಹೆಸರನ್ನು ಹೇಳಿದರೆ ಜನರಿಗೆ ಬೆಣ್ಣೆದೋಸೆಯೊಡನೆ ನೆನಪಾಗತಕ್ಕ ಈ ತಿಂಡಿಯ ಮೆಣಸಿನಕಾಯಿಯು ನಮ್ಮ ದೇಶದ ಬೆಳೆಯಲ್ಲ. ಅದರ ತವರು ಮೆಕ್ಸಿಕೋ ಸೀಮೆ. ಪೋರ್ತುಗೀಜರ ಹಡಗುಗಳು ಅದನ್ನು ಹದಿನಾರನೆಯ ಶತಮಾನದಲ್ಲಿ ಇಂಡಿಯಾ ದೇಶಕ್ಕೆ ತಂದವು. ಅದಕ್ಕೆ ಮೊದಲು ನಮ್ಮವರ ಅಡಿಗೆಯಲ್ಲಿ ಖಾರಕ್ಕೆ ಇದ್ದುದು ಬಳ್ಳಿಯ ಮೆಣಸು. ಹೊಸ ಕಾಯಿಗೆ ಆ ಹಳೆಯ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದರು. ಮುಂಗಾರಿನಲ್ಲಿ ನಮ್ಮ ಜಿಲ್ಲೆಯ ಹೊಲಗಳನ್ನು ತುಂಬುವ ಮೆಕ್ಕೆಜೋಳವೂ ಆ ಕಡೆಯಿಂದಲೇ ಬಂದದ್ದು. ಮಾಯಾ ಜನರ ಒಂದು ಪಂಗಡದ ಪೊಪೊಲ್ ವುಹ್ ಎಂಬ ಗ್ರಂಥದಲ್ಲಿ, ದೇವತೆಗಳು ಮೊದಲು ಮಣ್ಣಿನಿಂದಲೂ ಆಮೇಲೆ ಮರದಿಂದಲೂ ಮನುಷ್ಯನನ್ನು ಮಾಡಿ ನೋಡಿ ಸೋತು, ಕಡೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿ ಗೆದ್ದರೆಂದು ಹೇಳಿದೆ. ಅನ್ನವೇ ಪ್ರಾಣವೆಂದು ತಿಳಿದ ನಮಗೆ ಈ ಕಥೆ ಪರಕೀಯವೆನಿಸಲಾರದು.

ಹುಡುಗನು ಮೆಣಸಿನಕಾಯಿಯನ್ನು ಕಚ್ಚುತ್ತ, "ಏನೇ ಆಗಲಿ ದೊಡ್ಡಪ್ಪಾ, ಅಂಥ ಜಾಗ ನೋಡಲು ಪುಣ್ಯ ಬೇಕು. ನಮ್ಮ ದಾವಣಗೆರೆಯ ಸುತ್ತ ಏನಿದೆ? ಗಿರಣಿ, ಮಂಡಿ, ಕಾಲೇಜು" ಎಂದನು. ಈ ಮಾತು ನಮ್ಮನ್ನು ಚುಚ್ಚಿತು. ಇದೇ ಊರಿನಲ್ಲಿ ಹುಟ್ಟಿ, ಹರಿಹರದಿಂದ ಹದಿನಾಲ್ಕು ಕಿಲೋಮೀಟರು ದೂರದಲ್ಲಿ ಬೆಳೆದ ಹುಡುಗನಿಗೆ ಹೀಗೆನಿಸಬೇಕಾದರೆ ತಪ್ಪು ಹುಡುಗನದಲ್ಲ, ಅವನನ್ನು ಬೆಳೆಸಿದ ನಮ್ಮಂಥವರದು. "ನಾಳೆ ಬೆಳಿಗ್ಗೆ ಹೊರಡು, ಹರಿಹರಕ್ಕೆ ಹೋಗೋಣ" ಎಂದೆವು. ಒಂಬತ್ತು ವರ್ಷದ ಮೊಮ್ಮಗಳೂ ತಾನು ಬರುವೆನೆಂದು ಹಟಮಾಡಿ ಜತೆಗೂಡಿದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೊರಟು ಹರಿಹರವನ್ನು ಸೇರಿದೆವು. ಊರಿನ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಎಂಬ ಹಳ್ಳವು ಇಲ್ಲಿ ಅವಳನ್ನು ಕೂಡುವುದು. ಹರಿದ್ರಾ ಎಂದರೆ ಸಂಸ್ಕೃತದಲ್ಲಿ ಅರಿಸಿನ. ಎರಡು ನೀರು ಕೂಡುವ ಈ ಊರಿಗೆ ಶಾಸನಗಳಲ್ಲಿ ಕೂಡಲೂರು ಎಂಬ ಹೆಸರುಂಟು. ಎರಡು ದೇವರು ಒಂದಾಗಿ ನಿಂತಿರುವ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದ್ದೀತು?

ಹರಿಹರೇಶ್ವರನ ಗುಡಿಯು ಪೇಟೆಯ ಮನೆಗಳ ನಡುವೆಯೇ ಇದೆ. ಒಳಗೆ ಕಾಲಿಟ್ಟರೆ ಹೊರಗಿನ ಗದ್ದಲ ಹಿಂದೆ ಸರಿಯುವುದು. ತೆರೆದ ದೊಡ್ಡ ಮಂಟಪ. ಅದರ ತುಂಬ ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳು. ತಲೆಯೆತ್ತಿದರೆ ಛಾವಣಿಯಲ್ಲಿ ಕಲ್ಲಿನ ಕಮಲಗಳು. ಗರ್ಭಗುಡಿಯ ಮೇಲಣ ಮೂಲ ಶಿಖರವು ಉಳಿಯಲಿಲ್ಲ; ಈಗ ಕಾಣುವುದು ಇಟ್ಟಿಗೆ ಗಾರೆಗಳಿಂದ ಆಮೇಲೆ ಕಟ್ಟಿದ್ದು. ಒಳಗೆ ನಿಂತ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹೊಯ್ಸಳ ದೊರೆ ವೀರನರಸಿಂಹನ, ಎಂದರೆ ಇಮ್ಮಡಿ ನರಸಿಂಹನ, ದಂಡನಾಯಕನಾದ ಪೋಲಾಳ್ವನು ಈ ಗುಡಿಯನ್ನು ೧೨೨೪ರಲ್ಲಿ ಕಟ್ಟಿಸಿದನು. ಸೋಮನಾಥಪುರದ ಕೇಶವದೇವಾಲಯದಿಂದ ಪ್ರಸಿದ್ಧನಾದ ಸೋಮ ದಂಡನಾಯಕನು ೧೨೬೮ರಲ್ಲಿ ಇಲ್ಲಿ ಹೆಚ್ಚಿನ ಕೆಲಸವನ್ನು ಮಾಡಿಸಿದನು. ಹುಡುಗನು ಸುಮ್ಮನೆ ಕಂಬದಿಂದ ಕಂಬಕ್ಕೆ ನಡೆದು, "ಎಂಟುನೂರು ವರ್ಷ!" ಎಂದು ತನ್ನಲ್ಲಿಯೇ ಅಂದುಕೊಂಡನು. "ಹೌದು, ಮತ್ತು ಇಂದು ಬೆಳಿಗ್ಗೆಯೂ ಇಲ್ಲಿ ದೀಪ ಹಚ್ಚಿದ್ದಾರೆ" ಎಂದೆವು.

ಮಂಗಳಾರತಿಯಾದ ತರುವಾಯ ಮೊಮ್ಮಗಳು ಅರ್ಚಕರನ್ನು, "ದೇವರು ಯಾಕೆ ಅರ್ಧ ಅರ್ಧ ಆದರು?" ಎಂದು ಕೇಳಿಯೇಬಿಟ್ಟಳು. ಅವರು ಬೇಸರಪಡದೆ ಸ್ಥಳದ ಕಥೆಯನ್ನು ಹೇಳಿದರು. ಗುಹಾಸುರನೆಂಬ ದಾನವನಿಂದ ಈ ಪ್ರದೇಶಕ್ಕೆ ಗುಹಾರಣ್ಯವೆಂದು ಹೆಸರಾಗಿತ್ತು. ಅವನು ಬ್ರಹ್ಮನನ್ನು ಕುರಿತು ತಪಸ್ಸುಮಾಡಿ, ಹರಿಯಿಂದಲೂ ಹರನಿಂದಲೂ ತನಗೆ ಮರಣವಿಲ್ಲದಂತೆ ವರವನ್ನು ಪಡೆದನು. ವರದ ಬಲದಿಂದ ಲೋಕವನ್ನು ಪೀಡಿಸಿದನು. ಹರಿಯೊಬ್ಬನೇ ಬಂದರೆ ಸಾಯನು. ಹರನೊಬ್ಬನೇ ಬಂದರೂ ಸಾಯನು. ಆಗ ಇಬ್ಬರೂ ಒಂದೇ ಶರೀರವಾಗಿ ಬಂದು ಅವನನ್ನು ಸಂಹರಿಸಿ ಇಲ್ಲಿ ನೆಲೆಸಿದರು.

ನಾವು ಉಪಾಧ್ಯಾಯರಾಗಿದ್ದಾಗ ಈ ಕಥೆಯನ್ನು ಮಕ್ಕಳಿಗೆ ಹೇಳುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. "ಕಥೆ ಹಾಗಿರಲಿ, ಕಟ್ಟಿಸಿದವನಾರು, ಇಸವಿ ಯಾವುದು, ಅದನ್ನು ಬರೆದುಕೊಳ್ಳಿರಿ" ಎನ್ನುತ್ತಿದ್ದೆವು. ಇತಿಹಾಸವು ಬೇರೆ, ಕಥೆಯು ಬೇರೆ ಎಂಬುದು ಈಗಲೂ ನಮ್ಮ ಮತವೇ. ಆದರೆ ಅಂಗಳದ ಶಾಸನದ ಕಲ್ಲುಗಳ ಎದುರಿನಲ್ಲಿ ನಿಂತಾಗ ಒಂದು ವಿಷಯವು ಹೊಳೆಯಿತು. ಹರಿಹರದ ಶಾಸನಗಳಲ್ಲೊಂದರಲ್ಲಿ ಹೀಗೊಂದು ಅಭಿಪ್ರಾಯವಿದೆ: ಹರಿಯಲ್ಲದೆ ದೇವರಿಲ್ಲವೆಂದು ಕೆಲವರೂ, ಹರನಲ್ಲದೆ ದೇವರಿಲ್ಲವೆಂದು ಕೆಲವರೂ ವಾದಿಸುತ್ತಿರಲು, ಜನರ ಆ ಸಂಶಯವನ್ನು ನೀಗುವುದಕ್ಕಾಗಿ ಇಬ್ಬರೂ ಒಂದೇ ಮೂರ್ತಿಯಾಗಿ ಕೂಡಲೂರಿನಲ್ಲಿ ಕಾಣಿಸಿಕೊಂಡರೆಂಬುದು ಅದರ ತಾತ್ಪರ್ಯ. ಇಲ್ಲಿ ಅಸುರನ ಮಾತಿಲ್ಲ. ಮನುಷ್ಯರ ಜಗಳದ ಮಾತಿದೆ. ಹಾಗಾದರೆ ಅರ್ಚಕರ ಕಥೆಯ ಗುಹನು ಯಾರು? ಹರಿ ಬೇರೆ, ಹರ ಬೇರೆ ಎಂಬ ನಡುವಣ ಬಿರುಕಿನಲ್ಲಿ ಬದುಕುತ್ತಿದ್ದವನು. ಬಿರುಕು ಮುಚ್ಚಿದೊಡನೆ ಅವನು ಸತ್ತನು. ಕಲ್ಲು ಪಂಡಿತರಿಗೆ ಹೇಳಿದುದನ್ನೇ ಕಥೆಯು ಮಕ್ಕಳಿಗೆ ಹೇಳಿತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆದ ನಾವು, ಮೂರ್ತಿಯ ಅರ್ಧವನ್ನು ಮಾತ್ರ ನೋಡಿ ಬಂದವರಂತೆ ಆದೆವು.

ಹುಡುಗನು ಶಾಸನದ ಕಲ್ಲನ್ನು ಸವರಲು ಕೈಚಾಚಿದನು. "ಬೇಡ" ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆವು. ಅವನು ಬೆಚ್ಚಿ ನಮ್ಮ ಮುಖವನ್ನು ನೋಡಿದನು. ಹಾಗೆ ಅಂದುದಕ್ಕೆ ಕಾರಣವನ್ನು ಅವನಿಗೆ ಹೇಳಿದಂತೆ ವಾಚಕರಿಗೂ ಹೇಳಿಬಿಡುವೆವು.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಎಂಟನೆಯ ತರಗತಿಯ ಮಕ್ಕಳನ್ನು ನದಿಯಾಚೆಯ ಒಂದು ಹಳ್ಳಿಗೆ ಕರೆದುಕೊಂಡುಹೋಗಿದ್ದೆವು. ಅಲ್ಲಿ ಹೊಲದ ಬದುವಿನಲ್ಲಿ ಒಂದು ಬರೆಹದ ಕಲ್ಲು ನಿಂತಿತ್ತು. ಅಕ್ಷರಗಳು ಮಸಕಾಗಿದ್ದವು. ಉತ್ಸಾಹದಿಂದ ನಾವೇ ಇಟ್ಟಿಗೆಪುಡಿಯನ್ನೂ ತೆಂಗಿನ ನಾರನ್ನೂ ತರಿಸಿ ಕಲ್ಲನ್ನು ಚೆನ್ನಾಗಿ ತಿಕ್ಕಿಸಿದೆವು. ಅಕ್ಷರಗಳ ಗೆರೆಯಲ್ಲಿ ಸೀಮೆಸುಣ್ಣವನ್ನು ತುಂಬಿಸಿದೆವು. ಒಬ್ಬ ಜಾಣ ಹುಡುಗನು, ಸ್ಪಷ್ಟವಾಗಲೆಂದು, ಒಂದು ಮೊಳೆಯಿಂದ ನಾಲ್ಕಾರು ಅಕ್ಷರಗಳನ್ನು ತಿದ್ದಿದನು. ನಾವು ಅವನ ಬೆನ್ನು ತಟ್ಟಿದೆವು. ಎಷ್ಟೋ ವರ್ಷಗಳ ಮೇಲೆ ಶಾಸನಗಳನ್ನು ಬಲ್ಲ ಮಿತ್ರರೊಬ್ಬರೊಡನೆ ಅಲ್ಲಿಗೆ ಹೋದಾಗ, ಅವರು ಬಹಳ ಹೊತ್ತು ಕಲ್ಲಿನ ಮುಂದೆ ಕುಳಿತಿದ್ದು, "ಮೇಷ್ಟರೇ, ಇದನ್ನು ಯಾರೋ ತಿದ್ದಿಬಿಟ್ಟಿದ್ದಾರೆ. ಇಸವಿಯಿದ್ದ ಸಾಲೇ ಹೋಯಿತು" ಎಂದರು. ಯಾರೆಂದು ಹೇಳುವ ಧೈರ್ಯ ಅಂದು ನಮಗಾಗಲಿಲ್ಲ. ಆ ಮಾತನ್ನು ಇಂದು ಈ ಪುಟದಲ್ಲಿ ಹೇಳುತ್ತಿದ್ದೇವೆ.

ಬಿ. ಎಲ್. ರೈಸ್ ಮಹಾಶಯರು ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಹರಿಹರದ ಶಾಸನಗಳು ಅದರ ಹನ್ನೊಂದನೆಯ ಸಂಪುಟದಲ್ಲಿ, ಚಿತ್ರದುರ್ಗ ಜಿಲ್ಲೆಯ ಭಾಗದಲ್ಲಿ ಸೇರಿವೆ. ದಾವಣಗೆರೆಯು ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಬಲ್ಲವರು ಕಲ್ಲನ್ನು ತಿಕ್ಕುವುದಿಲ್ಲ. ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹೊದಿಸಿ, ಕುಂಚದಿಂದ ಮೆಲ್ಲಗೆ ತಟ್ಟಿ ಅಕ್ಷರಗಳೊಳಗೆ ಕೂರಿಸಿ, ಮೇಲೆ ಮಸಿಯನ್ನು ಸವರಿ ಪಡಿಯಚ್ಚನ್ನು ತೆಗೆಯುವರು. ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಏಳುವುವು. ಅದನ್ನೂ ಕಲಿತವರೇ ಮಾಡತಕ್ಕದ್ದು. ನಮ್ಮಂಥವರಿಗೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಸಾಕು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಗೆರೆಯ ಒಳಗೆ ನೆರಳು ನಿಂತು, ನಡುಹಗಲಿನಲ್ಲಿ ಕಾಣದ ಅಕ್ಷರವು ತಾನಾಗಿ ಕಾಣುವುದು. ಇಷ್ಟು ಸುಲಭದ ಉಪಾಯವನ್ನು ತಿಳಿಯದೆ ಅಂದು ನಾವು ಇಟ್ಟಿಗೆಪುಡಿಯನ್ನು ಹುಡುಕಿದೆವು.

ಗುಡಿಯಿಂದ ಹೊರಟು ನದಿಯ ದಂಡೆಯ ಮೇಲೆ ಬುತ್ತಿಯನ್ನು ಬಿಚ್ಚಿದೆವು. ರೊಟ್ಟಿ ತಿನ್ನುತ್ತ ಮೊಮ್ಮಗಳು, "ಗುಹಾಸುರ ಸತ್ತಮೇಲೆ ಏನಾಯಿತು, ಅಜ್ಜಾ?" ಎಂದಳು.

ಆಗ ನಮಗೆ ನಮ್ಮ ತಾಯಿಯವರ ನೆನಪಾಯಿತು. ಅವರು ಇದೇ ಹೊಳೆಯ ದಂಡೆಯ ಹಳ್ಳಿಯವರು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಈ ಕಥೆಯನ್ನು ಅರ್ಧ ಹಾಡಾಗಿಯೂ ಅರ್ಧ ಮಾತಾಗಿಯೂ ಹೇಳುತ್ತಿದ್ದರು. ಅರ್ಚಕರ ಕಥೆ ನಿಂತಲ್ಲಿ ಅವರ ಕಥೆ ನಿಲ್ಲುತ್ತಿರಲಿಲ್ಲ. ಅವರು ಹೇಳುತ್ತಿದ್ದ ಕಥೆಯಲ್ಲಿ ಗುಹನಿಗೂ ಒಬ್ಬ ತಾಯಿಯಿದ್ದಳು. ಮಗನು ಬಿದ್ದ ಸುದ್ದಿಯನ್ನು ಕೇಳಿ ಆ ಮುದುಕಿಯು ಹೊಳೆಯ ದಂಡೆಗೆ ಬಂದು ದೇವರ ಮುಂದೆ ನಿಲ್ಲುತ್ತಾಳೆ. ಬಲಕ್ಕೆ ನೋಡಿದರೆ ಶಿವ, ಎಡಕ್ಕೆ ನೋಡಿದರೆ ಹರಿ; ಯಾರನ್ನು ಬಯ್ಯಬೇಕು, ಯಾರನ್ನು ಬೇಡಬೇಕು ಎಂದು ತಿಳಿಯದೆ ತಬ್ಬಿಬ್ಬಾಗುತ್ತಾಳೆ. ಕಡೆಗೆ ಸೆರಗೊಡ್ಡಿ ಒಂದು ವರವನ್ನು ಕೇಳುತ್ತಾಳೆ.

"ಏನು ಕೇಳಿದಳು?" ಎಂದಳು ಮಗು.

ನಮಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿ ಕುಳಿತೆವು. ಕಲ್ಲಿನ ಗುರುಗುರು ಶಬ್ದ ನೆನಪಾಯಿತು. ಹಿಟ್ಟಿನ ವಾಸನೆ ನೆನಪಾಯಿತು. ರಾಗದ ಏರಿಳಿತವೂ ಅರೆಬರೆ ನೆನಪಾಯಿತು. ಆ ಮುದುಕಿಯು ಕೇಳಿದ ವರ ಮಾತ್ರ ನೆನಪಾಗಲಿಲ್ಲ. ಚಿಕ್ಕವರಿದ್ದಾಗ ಆ ಹೊತ್ತಿಗೆ ನಿದ್ದೆ ಹೋಗುತ್ತಿದ್ದೆವೋ ಏನೋ. ದೊಡ್ಡವರಾದ ಮೇಲೆ ಕಾವ್ಯನಾಟಕಗಳನ್ನು ಓದಿ, ಅವ್ವನ ಹಾಡೆಂದರೆ ಅಡಿಗೆಮನೆಯ ಮಾತೆಂದು ಬಿಟ್ಟೆವು. ಹಾಳೆಯೂ ಲೇಖನಿಯೂ ಜೀವನವೆಲ್ಲ ಕೈಯಲ್ಲಿಯೇ ಇದ್ದವು. ಅವರು ತೀರಿಕೊಂಡು ಹದಿನೈದು ವರ್ಷಗಳಾದವು. ಒಂದು ಸಾಲನ್ನಾದರೂ ನಾವು ಬರೆದುಕೊಳ್ಳಲಿಲ್ಲ.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಸುಮೆಲ್‌ನಲ್ಲಿ ತನಗೆ ಮಾರ್ಗದರ್ಶಕನು ಹೇಳಿದ ಸಂಗತಿಯನ್ನು ಹೇಳಿದನು. ಸ್ಪೇನ್ ದೇಶದ ಕೊರ್ತೇಸನು ೧೫೧೯ರಲ್ಲಿ ಆ ದ್ವೀಪಕ್ಕೆ ಇಳಿದು ಗುಡಿಯ ಮೂರ್ತಿಗಳನ್ನು ಉರುಳಿಸಿದನು. ಹಿಂದೆಯೇ ಸಿಡುಬು ಬಂದು ಜನರನ್ನು ನುಂಗಿತು. ೧೫೬೨ರಲ್ಲಿ ಯುಕಾಟಾನ್ ನಾಡಿನ ಮನಿ ಎಂಬ ಊರಿನಲ್ಲಿ ದಿಯೆಗೋ ದೆ ಲಾಂದಾ ಎಂಬ ಪಾದ್ರಿಯು ಮಾಯಾ ಲಿಪಿಯ ಪುಸ್ತಕಗಳನ್ನು ರಾಶಿಹಾಕಿಸಿ ಸುಡಿಸಿದನು. ಆ ಪುಸ್ತಕಗಳ ಪೈಕಿ ಲೋಕದಲ್ಲಿ ಇಂದು ಉಳಿದಿರುವುವು ನಾಲ್ಕೇ ನಾಲ್ಕು.

ಇದನ್ನು ಕೇಳಿ ನಮಗಾದ ದುಃಖದ ಜತೆಗೆ ನಾಚಿಕೆಯೂ ಆಯಿತು. ಅಲ್ಲಿ ಪುಸ್ತಕಗಳು ಹಾಳಾಗಲು ಪರದೇಶದ ಸೈನ್ಯವೂ ಬೆಂಕಿಯೂ ಬೇಕಾದವು. ನಮ್ಮ ಮನೆಯ ಗ್ರಂಥಕ್ಕೆ ಬೆಂಕಿ ಬೇಕಾಗಲಿಲ್ಲ. ನಮ್ಮ ಅಲಕ್ಷ್ಯವೊಂದೇ ಸಾಕಾಯಿತು. ಹಾಳೂರೆಂದರೆ ಕಲ್ಲು ಬಿದ್ದ ಊರೆಂದು ಇದುವರೆಗೆ ತಿಳಿದಿದ್ದೆವು. ಕಲ್ಲು ಬೀಳುವುದು ಕಡೆಗೆ. ಮೊದಲು ಮನೆಯೊಳಗೆ ಕಥೆ ನಿಲ್ಲುವುದು, ಆಮೇಲೆ ಓದುವವರು ಇಲ್ಲವಾಗುವರು; ಕಲ್ಲು ಆ ಬಳಿಕ ತಾನಾಗಿ ಉರುಳುವುದು.

ಆದರೆ ಈ ವೃತ್ತಾಂತಕ್ಕೆ ಇನ್ನೊಂದು ತುದಿಯುಂಟು. ಅದು ನಾವು ಓದಿ ತಿಳಿದದ್ದು. ಪುಸ್ತಕಗಳನ್ನು ಸುಡಿಸಿದ ಆ ಲಾಂದಾ ಪಾದ್ರಿಯೇ ಆಮೇಲೆ ಮಾಯಾ ಜನರ ಆಚಾರವ್ಯವಹಾರಗಳನ್ನು ಕುರಿತು ಒಂದು ಗ್ರಂಥವನ್ನು ಬರೆದು, ಅದರಲ್ಲಿ ಅವರ ಕೆಲವು ಅಕ್ಷರಗಳನ್ನೂ ಅವುಗಳ ಉಚ್ಚಾರವನ್ನೂ ತನಗೆ ತಿಳಿದಂತೆ ಗುರುತುಹಾಕಿಟ್ಟನು. ಆ ಬರೆಹದಲ್ಲಿ ತಪ್ಪುಗಳಿದ್ದವು. ಆದರೂ ೧೯೫೨ರಲ್ಲಿ ಯೂರಿ ಕ್ನೋರೊಜೋವ್ ಎಂಬ ರಷ್ಯದ ವಿದ್ವಾಂಸನು ಆ ಪುಟದ ಸಹಾಯದಿಂದಲೇ ಮಾಯಾ ಲಿಪಿಯ ಬೀಗವನ್ನು ತೆರೆಯಲು ಆರಂಭಿಸಿದನು. ಇಂದು ಅವರ ಕಲ್ಲಿನ ಬರೆಹಗಳಲ್ಲಿ ಬಹುಭಾಗವನ್ನು ಓದುತ್ತಾರೆ. ಅಲ್ಲದೆ ಆ ಜನರೂ ಅಳಿದುಹೋಗಿಲ್ಲ. ಮೆಕ್ಸಿಕೋ, ಗ್ವಾಟೆಮಾಲಾ ದೇಶಗಳಲ್ಲಿ ಲಕ್ಷಾಂತರ ಮಂದಿ ಇಂದಿಗೂ ಮಾಯಾ ಭಾಷೆಗಳನ್ನೇ ಮನೆಯಲ್ಲಿ ಆಡುತ್ತಾರೆ. ಯುಕಾಟಾನ್ ಸೀಮೆಯ ರೈತರು ಹಿಂದಿನವರಂತೆಯೇ ಮರದ ಪೊಟರೆಯ ತುಂಡುಗಳಲ್ಲಿ, ನಮ್ಮ ಮಲೆನಾಡಿನ ಮುಜಂಟಿಯನ್ನು ಹೋಲುವ ಕೊಂಡಿಯಿಲ್ಲದ ಜೇನನ್ನು ಸಾಕುತ್ತಾರೆ.

ತಪ್ಪುಮಾಡಿದವನ ಅರೆಬರೆ ಬರೆಹವೂ ಒಂದು ದಿನ ಬೀಗದಕೈಯಾಗಬಲ್ಲುದೆಂಬುದು ನಮಗೆ ಧೈರ್ಯವನ್ನು ಕೊಟ್ಟಿತು. ಅಂದು ರಾತ್ರಿ ಮನೆಗೆ ಬಂದೊಡನೆ ಒಂದು ಹೊಸ ನೋಟುಪುಸ್ತಕವನ್ನು ತೆಗೆದು, ತಾಯಿಯವರ ಕಥೆಯಲ್ಲಿ ನೆನಪಿದ್ದಷ್ಟನ್ನು ಅವರ ಮಾತಿನಲ್ಲಿಯೇ ಬರೆದೆವು. ಎರಡೂವರೆ ಪುಟವಾಯಿತು. ಮುದುಕಿಯು ವರವನ್ನು ಕೇಳುವಲ್ಲಿಗೆ ಬಂದಾಗ ಅರ್ಧಪುಟವನ್ನು ಖಾಲಿಬಿಟ್ಟೆವು. ಏನಾದರೊಂದನ್ನು ಕಲ್ಪಿಸಿ ತುಂಬುವುದು ಕಷ್ಟವಾಗಿರಲಿಲ್ಲ. ಆದರೆ ಮೊಳೆಯಿಂದ ಅಕ್ಷರವನ್ನು ತಿದ್ದಿದಂತೆಯೇ ಅದೂ ಆಗುತ್ತಿತ್ತು. ಮೊಮ್ಮಗಳು ಆ ಖಾಲಿ ಜಾಗದ ಪಕ್ಕದಲ್ಲಿ ಪೆನ್ಸಿಲಿನಿಂದ, "ಇಲ್ಲಿ ಮುತ್ತಜ್ಜಿಯ ಮಾತು ಬರಬೇಕು" ಎಂದು ಬರೆದಿಟ್ಟಿದ್ದಾಳೆ.

ಈಗ ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ದೂರದ ದ್ವೀಪಗಳಿಗೆ ಹೋಗಬಲ್ಲವರು ಸಂತೋಷದಿಂದ ಹೋಗಿಬರಲಿ, ಲೋಕವನ್ನು ನೋಡಿದವನಿಗೆ ತನ್ನ ಊರೂ ಚೆನ್ನಾಗಿ ಕಾಣುವುದು. ಹೋಗಲಾರದವರು ವರ್ಷಕ್ಕೆ ಒಂದು ಸಲವಾದರೂ ಮಕ್ಕಳನ್ನು ಕರೆದುಕೊಂಡು ಹತ್ತಿರದ ಒಂದು ಹಳೆಯ ಸ್ಥಳಕ್ಕೆ ಹೋಗಬೇಕು. ದಾವಣಗೆರೆಯವರಿಗೆ ಊರೊಳಗಿನ ಆನೆಕೊಂಡದ ಈಶ್ವರದೇವಾಲಯವುಂಟು, ಹರಿಹರವುಂಟು. ಉಳಿದವರಿಗೆ ತಮ್ಮ ತಮ್ಮ ಊರ ಬಾಗಿಲಿನ ವೀರಗಲ್ಲೋ ಮಾಸ್ತಿಕಲ್ಲೋ ಇದ್ದೇ ಇರುವುದು. ಅಲ್ಲಿ ಸ್ಥಳದ ಕಥೆಯನ್ನು ಬಲ್ಲವರಿಂದ ಕೇಳಬೇಕು, ಶಾಸನವಿದ್ದರೆ ಅದರ ಕಾಲವನ್ನು ವಿಚಾರಿಸಬೇಕು. ಶಾಲಿವಾಹನ ಶಕದ ವರ್ಷಕ್ಕೆ ೭೮ನ್ನು ಕೂಡಿಸಿದರೆ ನಮ್ಮ ಇಸವಿಯು ಬರುವುದೆಂಬ ಸಣ್ಣ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. ಕಲ್ಲಿನ ತಲೆಯ ಮೇಲೆ ಸೂರ್ಯಚಂದ್ರರನ್ನು ಏಕೆ ಕೆತ್ತಿದ್ದಾರೆಂದು ಅವರು ಕೇಳಿದರೆ, ಅವರಿಬ್ಬರೂ ಇರುವವರೆಗೆ ಕೊಟ್ಟ ಮಾತು ನಡೆಯಲೆಂದು ಕೆತ್ತಿದ್ದಾರೆ ಎಂದು ಹೇಳಬೇಕು. ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ, ಸೀಮೆಸುಣ್ಣ ಯಾವುದನ್ನೂ ಬಳಿಯಬಾರದು, ಹೆಸರನ್ನು ಕೊರೆಯಬಾರದು. ಸಂರಕ್ಷಿತ ಸ್ಮಾರಕಗಳನ್ನು ಕೆಡಿಸುವುದು ೧೯೫೮ರ ಕಾನೂನಿನಂತೆ ಶಿಕ್ಷಾರ್ಹವಾದ ಅಪರಾಧವೆಂಬುದೂ ನೆನಪಿರಲಿ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದುದೊಂದಿದೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಇದ್ದರೆ ಇಂದು ರಾತ್ರಿ ಊಟವಾದ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅವರ ಊರಿನ ದೇವರ ಕಥೆಯನ್ನು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿರಿ. ಭಾಷೆಯನ್ನು ತಿದ್ದಬೇಡಿರಿ. ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡಬೇಡಿರಿ. ನಾವೂ ಹಾಗೆಯೇ ಮುಂದೂಡಿದೆವು.

ಹರಿಹರದ ಆಸುಪಾಸಿನ ಹೊಳೆದಂಡೆಯ ಹಳ್ಳಿಗಳಲ್ಲಿ ಯಾರ ಮನೆಯಲ್ಲಾದರೂ ಗುಹನ ತಾಯಿಯ ಹಾಡನ್ನು ಬಲ್ಲ ಹಿರಿಯರಿದ್ದರೆ, ದಯವಿಟ್ಟು ಒಂದು ಕಾಗದವನ್ನು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆ ಮುದುಕಿಯು ಸೆರಗೊಡ್ಡಿ ಏನನ್ನು ಬೇಡಿದಳೆಂದು ಒಂಬತ್ತು ವರ್ಷದ ಹುಡುಗಿಯೊಬ್ಬಳು ದಿನವೂ ನಮ್ಮನ್ನು ಕೇಳುತ್ತಿದ್ದಾಳೆ.